ರಜೆಗೆ ಊರಿಗೆ ಹೊರಟ ಸ್ವಯಂಸೇವಕ

ಕಾಲೇಜಿನ ಯಾವುದೇ ಸೇವಾ ಘಟಕದ ವಾರ್ಷಿಕ ವರದಿ ತೆರೆದು ನೋಡಿ. ಮಳೆಗಾಲದಲ್ಲಿ ವನಮಹೋತ್ಸವ, ಸೆಪ್ಟೆಂಬರ್ 24ಕ್ಕೆ ಎನ್‌ಎಸ್‌ಎಸ್ ದಿನಾಚರಣೆ, ಅಕ್ಟೋಬರ್ 2ಕ್ಕೆ ಆವರಣ ಸ್ವಚ್ಛತೆ, ಡಿಸೆಂಬರ್ 1ಕ್ಕೆ ಏಡ್ಸ್ ಜಾಗೃತಿ ಜಾಥಾ, ಜನವರಿ 12ಕ್ಕೆ ಯುವದಿನ, ಅದರ ಹಿಂದೆಮುಂದೆ ಹಳ್ಳಿಯೊಂದರಲ್ಲಿ ಏಳು ದಿನದ ವಿಶೇಷ ಶಿಬಿರ, ಆಮೇಲೊಂದು ರಕ್ತದಾನ. ಅಲ್ಲಿಗೆ ವರ್ಷ ಮುಗಿಯಿತು. ಏಪ್ರಿಲ್, ಮೇ ತಿಂಗಳ ಜಾಗ ಖಾಲಿ. ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಇರಲಿ, ಯೂತ್ ರೆಡ್‌ಕ್ರಾಸ್ ಇರಲಿ, ರೋವರ್ಸ್–ರೇಂಜರ್ಸ್ ಇರಲಿ, ಎಲ್ಲರ ಕಥೆಯೂ ಹೆಚ್ಚುಕಡಿಮೆ ಇದೇ. ಕಾರಣ ಕೇಳಿದರೆ ಸಿಗುವ ಉತ್ತರ ಸರಳ: ಹುಡುಗರು ಊರಿಗೆ ಹೋಗಿರುತ್ತಾರೆ, ಯಾರನ್ನು ಕಟ್ಟಿಕೊಂಡು ಏನು ಮಾಡುವುದು?

ಈ ಉತ್ತರದಲ್ಲಿ ಸಮಸ್ಯೆಯೆಂದು ಹೇಳಿರುವುದೇ ನಿಜಕ್ಕೂ ಬೇಸಿಗೆಯ ದೊಡ್ಡ ಅನುಕೂಲ ಎಂಬುದು ಈ ಲೇಖನದ ವಾದ. ಒಂದು ಘಟಕದಲ್ಲಿ ನೂರು ಜನ ಸ್ವಯಂಸೇವಕರಿದ್ದಾರೆ ಎಂದುಕೊಳ್ಳೋಣ. ತಾಲ್ಲೂಕು ಕೇಂದ್ರದ ಕಾಲೇಜಾದರೆ ಅವರಲ್ಲಿ ಬಹುಪಾಲು ಸುತ್ತಲಿನ ಐವತ್ತು ಅರವತ್ತು ಹಳ್ಳಿಗಳಿಂದ ಬಸ್ ಹತ್ತಿ ಬರುವವರು, ಇಲ್ಲವೇ ಹಾಸ್ಟೆಲಿನಲ್ಲಿರುವವರು. ಕಾಲೇಜು ನಡೆಯುವಾಗ ಘಟಕ ಒಂದೇ ಒಂದು ‘ದತ್ತು ಗ್ರಾಮ’ವನ್ನು ಹಿಡಿದುಕೊಂಡು, ಅಲ್ಲಿಗೆ ಟೆಂಪೊ ಮಾಡಿಸಿಕೊಂಡು ಹೋಗಿ ಬರುತ್ತದೆ. ರಜೆ ಬಂದ ದಿನ ಅದೇ ಘಟಕ ಒಂದು ರೂಪಾಯಿ ಖರ್ಚಿಲ್ಲದೆ ಐವತ್ತು ಅರವತ್ತು ಹಳ್ಳಿಗಳಲ್ಲಿ ಹರಡಿಕೊಂಡಿರುತ್ತದೆ. ಊಟ, ವಸತಿಯ ಚಿಂತೆಯಿಲ್ಲ. ಊರಿನ ಮಾತು ಗೊತ್ತು, ಯಾರ ಮನೆ ಎಲ್ಲಿ ಎಂಬುದು ಗೊತ್ತು. ‘ಇಂಥವರ ಮಗಳು’ ಎಂದರೆ ಊರಿಗೇ ಪರಿಚಯ. ಯಾವ ಶಿಬಿರವೂ ಏಳು ದಿನದಲ್ಲಿ ಸಂಪಾದಿಸಲಾಗದ್ದು ಇದು. ಆದ್ದರಿಂದ ಬೇಸಿಗೆಯ ಸೇವೆಯೆಂದರೆ ಚದುರಿದವರನ್ನು ಮತ್ತೆ ಒಂದೆಡೆ ಗುಡ್ಡೆ ಹಾಕುವ ಪ್ರಯತ್ನ ಆಗಬೇಕಿಲ್ಲ. ಒಬ್ಬರಿಗೆ ಅಥವಾ ಇಬ್ಬರಿಗೆ ಅವರದೇ ಊರು, ಒಂದೇ ಒಂದು ಸಣ್ಣ ಕೆಲಸ, ಐದಾರು ವಾರ. ಅಷ್ಟಿದ್ದರೆ ಸಾಕು.

ಶಿಬಿರದ ಕಡೆಗೆ ನಮ್ಮ ಒಲವು ಎಲ್ಲಿಂದ ಬಂತು ಎನ್ನುವುದಕ್ಕೂ ಒಂದು ಚರಿತ್ರೆಯಿದೆ. 1959ರಲ್ಲಿ ಸಿ.ಡಿ. ದೇಶಮುಖ್ ಅವರ ಅಧ್ಯಕ್ಷತೆಯ ಸಮಿತಿ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಸೇವೆಯನ್ನು ಕಡ್ಡಾಯ ಮಾಡುವ ಯೋಚನೆಯನ್ನು ಮುಂದಿಟ್ಟಿತು. ಬೇರೆ ದೇಶಗಳಲ್ಲಿ ಇದು ಹೇಗೆ ನಡೆಯುತ್ತಿದೆ ಎಂದು ನೋಡಿಬಂದ ಕೆ.ಜಿ. ಸೈಯದೈನ್, ಸೇವೆ ಸ್ವಯಂಪ್ರೇರಿತವಾಗಿಯೇ ಇರಲಿ ಎಂದರು. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗ ಶಿಕ್ಷಣ ಸಚಿವರೂ ಬಳ್ಳಾರಿಯ ಸಂಸದರೂ ಆಗಿದ್ದ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್‌ಗೆ ಚಾಲನೆ ಕೊಟ್ಟರು. ಶುರುವಿನಲ್ಲಿ ಇದ್ದವರು ನಲವತ್ತು ಸಾವಿರದಷ್ಟು ವಿದ್ಯಾರ್ಥಿಗಳು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ, ಜೊತೆಗೊಂದು ವಿಶೇಷ ಶಿಬಿರ ಎಂಬ ಚೌಕಟ್ಟು ಇಂದಿಗೂ ಉಳಿದಿದೆ. ಚೌಕಟ್ಟಿನಲ್ಲಿ ತಪ್ಪೇನಿಲ್ಲ. ಆದರೆ 120 ಗಂಟೆಯ ದಿನನಿತ್ಯದ ಕೆಲಸಕ್ಕೆ ಫೋಟೊ ಸಿಗುವುದಿಲ್ಲ, ಶಿಬಿರಕ್ಕೆ ಸಿಗುತ್ತದೆ. ಉದ್ಘಾಟನೆ, ಪ್ರಭಾತಫೇರಿ, ಶ್ರಮದಾನ, ಸಂಜೆ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ, ಸಮಾರೋಪ, ಹಾರ–ಶಾಲು. ಕಾಲಕ್ರಮೇಣ ಸೇವೆ ಎಂದರೆ ಶಿಬಿರ, ಶಿಬಿರವೆಂದರೆ ಸಮಾರಂಭ ಎಂಬ ಸಮೀಕರಣ ಗಟ್ಟಿಯಾಯಿತು. ಕಡ್ಡಾಯ ಬೇಡವೆಂದು ಅಷ್ಟು ಚರ್ಚೆ ಮಾಡಿ ಉಳಿಸಿಕೊಂಡ ಸ್ವಂತ ಇಚ್ಛೆಗೆ, ವಿದ್ಯಾರ್ಥಿ ತಾನಾಗಿ ಏನನ್ನಾದರೂ ಆರಿಸಿಕೊಂಡು ಮಾಡುವುದಕ್ಕೆ, ಇಲ್ಲಿ ಹೆಚ್ಚು ಜಾಗ ಉಳಿಯಲಿಲ್ಲ.

ಹಾಗಾದರೆ ಊರಿಗೆ ಹೋದ ವಿದ್ಯಾರ್ಥಿ ಮಾಡಬಹುದಾದ ಕೆಲಸ ಏನು? ಮೊದಲನೆಯದು ಕಣ್ಣಮುಂದೆಯೇ ಇದೆ. 2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ–1ರ ಫಲಿತಾಂಶ ಬಂತು. 625ಕ್ಕೆ 625 ತೆಗೆದ 22 ಮಂದಿಯ ಮುಖಗಳು ಮರುದಿನದ ಪತ್ರಿಕೆಗಳಲ್ಲಿ ಸಿಹಿ ತಿನ್ನುತ್ತಿದ್ದವು. ಒಟ್ಟು ಉತ್ತೀರ್ಣರಾದವರು ಶೇ 62ರಷ್ಟು. ಉಳಿದವರು ಲಕ್ಷಗಳ ಲೆಕ್ಕದಲ್ಲಿದ್ದರು. ಅವರಿಗಾಗಿ ಪರೀಕ್ಷೆ–2 ಶುರುವಾಗಿದ್ದು ಮೇ 26ಕ್ಕೆ. ನಡುವೆ ಸಿಕ್ಕಿದ್ದು ಮೂರು ವಾರ ಚಿಲ್ಲರೆ. ಶಾಲೆಗಳಲ್ಲಿ ವಿಶೇಷ ತರಗತಿಯ ಏರ್ಪಾಡು ಇದ್ದರೂ, ಫೇಲಾದ ಹುಡುಗ ಆ ಮುಖ ಹೊತ್ತುಕೊಂಡು ಶಾಲೆಗೆ ಹೋಗಲು ಹಿಂಜರಿಯುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ‘ಸಾಕು ಓದಿದ್ದು’ ಎಂಬ ಮಾತು ಆಗಲೇ ಶುರುವಾಗಿರುತ್ತದೆ. ಎರಡು ಮೂರು ವರ್ಷದ ಹಿಂದೆ ಅದೇ ಪರೀಕ್ಷೆ ದಾಟಿದ, ಅದೇ ಬೀದಿಯ ಅಕ್ಕನೋ ಅಣ್ಣನೋ ಸಂಜೆ ಹೊತ್ತು ಕೂತು ಗಣಿತದ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ತೋರಿಸಿದರೆ ಅದರ ಬೆಲೆ ಬೇರೆ. ಪಾಸಾಗಲು ಬೇಕಾದಷ್ಟು ಅಂಕ ಯಾವ ಅಧ್ಯಾಯಗಳಲ್ಲಿ ಸುಲಭವಾಗಿ ಸಿಗುತ್ತದೆ, ರಚನೆಯ ಲೆಕ್ಕ ಹೇಗೆ ಬಿಡಬಾರದು, ವಿಜ್ಞಾನದ ಯಾವ ಚಿತ್ರವನ್ನು ಹತ್ತು ಸಲ ಬಿಡಿಸಿ ಕಲಿಯಬೇಕು ಎನ್ನುವುದು ಇತ್ತೀಚೆಗೆ ಬರೆದವರಿಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿರುವುದಿಲ್ಲ.

ಪಾಸಾದವರ ಮನೆಯಲ್ಲೂ ಕೆಲಸವಿದೆ, ಅದು ಪಾಠದ ಕೆಲಸವಲ್ಲ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವ ಮಗುವಿನ ಅಪ್ಪ ಅಮ್ಮನಿಗೆ ಪಿಯುಸಿಯಲ್ಲಿ ಯಾವ ವಿಭಾಗ, ಡಿಪ್ಲೊಮಾ ಎಂದರೇನು, ಐಟಿಐ ಎಲ್ಲಿದೆ, ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಯಾವಾಗ ಎಂಬುದು ಗೊತ್ತಿರುವುದಿಲ್ಲ. ನಾಡಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರ ಮಾಡಿಸಬೇಕು. ಅದರ ಮೇಲಿನ ಆರ್‌ಡಿ ನಂಬರ್ ಇಲ್ಲದೆ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಬಂದು ಸೇರುವುದಿಲ್ಲ. ಶಾಲಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇನಿಶಿಯಲ್ ಇದ್ದರಂತೂ ಜೂನ್ ತಿಂಗಳಿಡೀ ಸೈಬರ್ ಸೆಂಟರ್ ಸುತ್ತುವುದೇ ಆಗುತ್ತದೆ. ಇದನ್ನೆಲ್ಲ ಒಂದು ಸಲ ಅನುಭವಿಸಿ ದಾಟಿದ ಪದವಿ ವಿದ್ಯಾರ್ಥಿ ಮೇ ತಿಂಗಳಲ್ಲೇ ಊರಿನ ಹತ್ತು ಮನೆಗಳ ಕಾಗದಪತ್ರ ಪರಿಶೀಲಿಸಿ, ಯಾರಿಗೆ ಏನು ಕೊರತೆ ಎಂದು ಬರೆದುಕೊಟ್ಟರೆ, ‘ಶಿಕ್ಷಣದ ಮಹತ್ವ’ದ ಮೇಲಿನ ಜಾಥಾಕ್ಕಿಂತ ಅದು ಹೆಚ್ಚಿನ ಉಪಕಾರ. ಇದಕ್ಕೆ ಬ್ಯಾನರ್ ಬೇಡ.

ಎರಡನೆಯ ಕೆಲಸ ಚಿಕ್ಕ ಮಕ್ಕಳ ಓದು. ನಮ್ಮ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ಅಷ್ಟರಲ್ಲಿ ಮಕ್ಕಳು ಮರೆಯುವುದೆಷ್ಟು ಎಂಬುದಕ್ಕೆ ನೇರ ಲೆಕ್ಕ ಕೊಡುವುದು ಕಷ್ಟ. ಆದರೆ ಪುಸ್ತಕ ಮುಟ್ಟದ ದೀರ್ಘ ಅವಧಿ ಏನು ಮಾಡುತ್ತದೆ ಎಂಬುದನ್ನು ಕೋವಿಡ್ ಕಾಲ ತೋರಿಸಿಕೊಟ್ಟಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇ 92ರಷ್ಟಿದ್ದರು. ಗಣಿತದಲ್ಲಿ ಅದು ಶೇ 82. ಏಳು ವಾರದ ರಜೆಯನ್ನು ಆ ದೀರ್ಘ ಮುಚ್ಚುಗಡೆಗೆ ಹೋಲಿಸುವುದು ಸರಿಯಲ್ಲ, ನಿಜ. ಆದರೂ ಓದು ಇನ್ನೂ ಕೈಗೂಡದ ಮಗುವಿಗೆ ಏಳು ವಾರವೂ ಸಣ್ಣದಲ್ಲ. ನಗರದಲ್ಲಿ ಈ ಹೊತ್ತಿಗೆ ಚಿತ್ರಕಲೆ, ಈಜು, ರೊಬೊಟಿಕ್ಸ್ ಎಂದು ಸಾವಿರಗಟ್ಟಲೆ ಶುಲ್ಕದ ಶಿಬಿರಗಳಿರುತ್ತವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಒಳ್ಳೆಯ ಪ್ರಯತ್ನಗಳೂ ಇವೆ. ಹಳ್ಳಿಯ ಮಗುವಿಗೆ ಅಜ್ಜಿಮನೆ, ಕೆರೆ, ಮಾವಿನ ಮರ ಇವೆಯಲ್ಲ ಎಂದು ನಾವು ಕವಿಗಳಂತೆ ಸಮಾಧಾನಪಟ್ಟುಕೊಳ್ಳುತ್ತೇವೆ. ಮಾವಿನ ಮರ ಇರಲಿ, ಅದರ ಪಕ್ಕದಲ್ಲಿ ಒಂದು ಪುಸ್ತಕವೂ ಇದ್ದರೆ ಯಾರಿಗೂ ನಷ್ಟವಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ: ತರಬೇತಿಯೇ ಇಲ್ಲದ ಹುಡುಗರು ಮಕ್ಕಳಿಗೆ ಏನು ಕಲಿಸಿಯಾರು? ಇದಕ್ಕೆ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನ ಉತ್ತರ ಕೊಡುತ್ತದೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ‘ಪ್ರಥಮ್’ ಸಂಸ್ಥೆಯೊಂದಿಗೆ 280 ಹಳ್ಳಿಗಳಲ್ಲಿ ಮಾಡಿದ ಪ್ರಯೋಗ ಅದು. ಕೆಲವು ಊರುಗಳಲ್ಲಿ ಸಭೆ ಕರೆದು ಶಾಲಾ ಸಮಿತಿಯ ಹಕ್ಕುಬಾಧ್ಯತೆಗಳ ಅರಿವು ಮೂಡಿಸಿದರು. ಕೆಲವು ಊರುಗಳಲ್ಲಿ ಮಕ್ಕಳ ಓದನ್ನು ಅಳೆಯುವುದು ಹೇಗೆಂದು ಊರವರಿಗೇ ಕಲಿಸಿದರು. ಇನ್ನು ಕೆಲವು ಊರುಗಳಲ್ಲಿ ಇವುಗಳ ಜೊತೆಗೆ ಅಲ್ಲಿನದೇ ಯುವಕ ಯುವತಿಯರಿಗೆ ಕೆಲವೇ ದಿನಗಳ ತರಬೇತಿ ಕೊಟ್ಟು ಸಂಜೆಯ ಓದಿನ ತರಗತಿ ನಡೆಸಲು ಬಿಟ್ಟರು. ಸಭೆ, ಅರಿವು, ಮಾಹಿತಿ ಇವುಗಳಿಂದ ಮಕ್ಕಳ ಓದಿನಲ್ಲಿ ಕಾಣುವಂಥ ಬದಲಾವಣೆ ಆಗಲಿಲ್ಲ. ಸಂಬಳವಿಲ್ಲದ ಆ ಹುಡುಗ ಹುಡುಗಿಯರ ತರಗತಿಗೆ ಬಂದ ಮಕ್ಕಳು ಮಾತ್ರ ಗಣನೀಯವಾಗಿ ಮುಂದೆ ಹೋದರು. ಬಿಹಾರದಲ್ಲಿ 2008ರ ಬೇಸಿಗೆಯಲ್ಲಿ ಸರ್ಕಾರಿ ಶಿಕ್ಷಕರೇ ನಡೆಸಿದ ಒಂದು ತಿಂಗಳ ಶಿಬಿರದಲ್ಲೂ, ತರಗತಿಯ ಲೆಕ್ಕ ಬಿಟ್ಟು ಮಗು ಓದಬಲ್ಲ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿದಾಗ ಇಂಥದೇ ಫಲ ಕಂಡಿತು. ನಮ್ಮ ಸೇವಾ ಘಟಕಗಳ ಪಟ್ಟಿಯಲ್ಲಿ ‘ಜಾಗೃತಿ’ ಎಂಬ ಪದ ಎಷ್ಟು ಸಲ ಬರುತ್ತದೆ ಎಂದು ಎಣಿಸಿದವರಿಗೆ ಜೌನ್‌ಪುರದ ಫಲಿತಾಂಶ ಸ್ವಲ್ಪ ಕಹಿಯಾಗಿಯೇ ಇರುತ್ತದೆ.

ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ತರಗತಿಗೆ ಬಂದ ಮಕ್ಕಳು ಊರಿನ ಒಟ್ಟು ಮಕ್ಕಳಲ್ಲಿ ನೂರಕ್ಕೆ ಎಂಟರಷ್ಟು ಮಾತ್ರ. ಎಲ್ಲರನ್ನೂ ಸೇರಿಸುತ್ತೇನೆಂದು ಹೊರಟ ಸ್ವಯಂಸೇವಕನಿಗೆ ಮೊದಲ ವಾರದಲ್ಲೇ ನಿರಾಶೆ ಕಾದಿದೆ. ಎಂಟು ಹತ್ತು ಮಕ್ಕಳು ಸಾಕು ಎಂದುಕೊಂಡು ಹೊರಟರೆ ಕೆಲಸ ನಡೆಯುತ್ತದೆ. ಆ ಎಂಟು ಹತ್ತು ಮಕ್ಕಳ ನಡುವೆ ಮಾಡಬೇಕಾದದ್ದೂ ಗಹನವಾದುದೇನಲ್ಲ. ಮೂರನೇ ತರಗತಿಯ ಎಷ್ಟೋ ಮಕ್ಕಳು ಕ, ಕಾ, ಕಿ, ಕೀ ಎಂದು ಬಳ್ಳಿಯನ್ನು ರಾಗವಾಗಿ ಹಾಡುತ್ತಾರೆ. ನಡುವೆ ‘ಕೂ’ ಮೇಲೆ ಬೆರಳಿಟ್ಟು ಇದೇನು ಎಂದರೆ ಮತ್ತೆ ಮೊದಲಿನಿಂದ ಹಾಡಿಕೊಂಡು ಬಂದು ಅಲ್ಲಿಗೆ ತಲುಪಬೇಕು. ಕೆಲವರು ‘ಮರ’, ‘ಮನೆ’, ‘ಕೋಳಿ’ ಸಲೀಸಾಗಿ ಓದಿ ‘ಅಕ್ಕ’, ‘ಅಮ್ಮ’ದ ಒತ್ತನ್ನೂ ದಾಟುತ್ತಾರೆ, ‘ಪ್ರಾಣಿ’ ಎದುರಾದ ಕೂಡಲೇ ನಿಲ್ಲುತ್ತಾರೆ, ಏಕೆಂದರೆ ಅಲ್ಲಿ ಅಕ್ಷರ ಬೇರೆ, ಒತ್ತು ಬೇರೆ. ಎಲ್ಲಿ ನಿಲ್ಲುತ್ತದೆ ಎಂದು ಕಂಡುಕೊಂಡರೆ ಅರ್ಧ ಕೆಲಸ ಆದಂತೆ. ನಲವತ್ತು ಮಕ್ಕಳ, ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಿಕ್ಷಕಿಗೆ ಒಂದೊಂದು ಮಗುವಿನ ಜೊತೆ ಹೀಗೆ ಕೂರುವ ಪುರಸೊತ್ತಿಲ್ಲ. ರಜೆಯಲ್ಲಿರುವ ವಿದ್ಯಾರ್ಥಿಗೆ ಇದೆ.

ಕೂರುವುದೆಲ್ಲಿ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಬಹಳ ಊರುಗಳಲ್ಲಿ ಕೈಗೆಟಕುವ ನೆರಳೆಂದರೆ ದೇವಸ್ಥಾನದ ಜಗಲಿ, ಇಲ್ಲವೇ ಸ್ವಯಂಸೇವಕನ ಮನೆಯ ಪಡಸಾಲೆ. ಇಲ್ಲಿಯೇ ಈ ಇಡೀ ವಾದದ ಎದುರು ನಿಲ್ಲುವ ಬಲವಾದ ಆಕ್ಷೇಪ ತಲೆಯೆತ್ತುತ್ತದೆ. ಶಿಬಿರವನ್ನು ಎಷ್ಟೇ ಗೇಲಿ ಮಾಡಿದರೂ, ಅಲ್ಲಿ ಬೇರೆ ಬೇರೆ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಳ್ಳುತ್ತಾರೆ, ತಮ್ಮದಲ್ಲದ ಊರಿನ ಯಾವ ಕೇರಿಗಾದರೂ ನಡೆದು ಹೋಗುತ್ತಾರೆ. ಸ್ವಂತ ಊರಿನಲ್ಲಿ ಹಾಗಲ್ಲ. ಅಲ್ಲಿ ಅವರು ಇಂಥ ಮನೆಯವರು, ಇಂಥ ಕೇರಿಯವರು. ‘ಇಂಥವರ ಮಗಳು’ ಎಂಬ ಪರಿಚಯವನ್ನು ಅನುಕೂಲವೆಂದು ಮೇಲೆ ಹೇಳಿದ್ದಾಯಿತು, ಅದೇ ಪರಿಚಯ ಬೇಲಿಯೂ ಹೌದು. ಊರಿನ ದೊಡ್ಡ ಬೀದಿಯ ಹುಡುಗ ತನ್ನ ಪಡಸಾಲೆಯಲ್ಲಿ ತರಗತಿ ತೆರೆದರೆ ಬರುವುದು ಆ ಬೀದಿಯ ಮಕ್ಕಳೇ. ದಲಿತ ಕೇರಿಯ ಹುಡುಗಿ ಬಹಳ ಚೆನ್ನಾಗಿ ಕಲಿಸಬಲ್ಲವಳಾದರೂ ಅವಳ ಹತ್ತಿರ ಮಕ್ಕಳನ್ನು ಕಳಿಸದ ಮನೆಗಳು ಇಂದಿಗೂ ಇವೆ. ಸೇವೆ ಊರಿನ ಅಸಮಾನತೆಯನ್ನು ಹಾಗೆಯೇ ನಕಲು ಮಾಡುವ ಅಪಾಯ ಇಲ್ಲಿ ನಿಜವಾದುದು.

ಇದಕ್ಕೆ ಪೂರ್ತಿ ಪರಿಹಾರವಿದೆ ಎಂದರೆ ಸುಳ್ಳಾಗುತ್ತದೆ. ಭಾಗಶಃ ಉತ್ತರ ಎರಡಿವೆ. ಒಂದು, ಚಳಿಗಾಲದ ಏಳು ದಿನದ ಶಿಬಿರವನ್ನು ಕೈಬಿಡಬೇಕಿಲ್ಲ. ಅದರ ನಿಜವಾದ ಲಾಭ ಹಳ್ಳಿಗೆ ಸಿಗುವುದಕ್ಕಿಂತ ಶಿಬಿರಾರ್ಥಿಗಳಿಗೆ ಸಿಗುವುದು ಎಂದು ಒಪ್ಪಿಕೊಂಡರೆ, ಅದನ್ನು ಹಾಗೆಯೇ ನಡೆಸಬಹುದು. ಇನ್ನೊಂದು, ಬೇಸಿಗೆಯ ಕೆಲಸ ಯಾರ ಮನೆಯಲ್ಲೂ, ಯಾವ ಗುಡಿಯ ಮುಂದೆಯೂ ನಡೆಯಬಾರದೆಂಬ ನಿಯಮ ಇಟ್ಟುಕೊಳ್ಳುವುದು. ಗ್ರಾಮ ಪಂಚಾಯಿತಿ ಗ್ರಂಥಾಲಯ ಇದಕ್ಕೆ ಹೇಳಿ ಮಾಡಿಸಿದ ಜಾಗ. 2019ರಲ್ಲಿ ಈ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದ ಮೇಲೆ, ಮರುವರ್ಷ ‘ಓದುವ ಬೆಳಕು’ ಅಭಿಯಾನ ಬಂತು. ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಇವುಗಳ ಹೆಸರು ಅರಿವು ಕೇಂದ್ರ. ಎಷ್ಟೋ ಕಡೆ ಹೊಸ ಬಣ್ಣ, ಮಕ್ಕಳ ಪುಸ್ತಕ, ಕಂಪ್ಯೂಟರ್ ಎಲ್ಲ ಬಂದಿವೆ. ಮೇಲ್ವಿಚಾರಕರು ಒಬ್ಬರೇ. ಅವರ ಪಕ್ಕದಲ್ಲಿ ಓದಿ ಹೇಳುವ ಒಬ್ಬರಿದ್ದರೆ ಕಪಾಟಿನ ಪುಸ್ತಕ ಮಕ್ಕಳ ಕೈಗೆ ಬರುತ್ತದೆ. ಗ್ರಂಥಾಲಯ ದೂರವಿದ್ದರೆ ಶಾಲೆಯ ಜಗಲಿ ಆಗಬಹುದು. ಬರದ ವರ್ಷಗಳಲ್ಲಂತೂ ಅದು ಇನ್ನೂ ಸುಲಭ: ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದಾಗ, 2024ರ ಬೇಸಿಗೆಯಲ್ಲಿ, ಮಕ್ಕಳು ಮಧ್ಯಾಹ್ನ ಊಟಕ್ಕೆ ಶಾಲೆಗೆ ಬರುತ್ತಿದ್ದರು. ಎಲ್ಲ ಕೇರಿಯ ಮಕ್ಕಳು, ಗೊತ್ತಾದ ಹೊತ್ತಿಗೆ, ಒಂದೇ ಕಡೆ. ಊಟಕ್ಕೆ ಮುಂಚಿನ ಒಂದು ಗಂಟೆಯನ್ನು ಓದಿಗೆ ಕೊಡಲು ಅದಕ್ಕಿಂತ ಒಳ್ಳೆಯ ಅವಕಾಶ ಹುಡುಕಿದರೂ ಸಿಗದು. ಸಾರ್ವಜನಿಕ ಜಾಗದಲ್ಲಿ, ಎಲ್ಲರ ಕಣ್ಣೆದುರು, ಸಾಧ್ಯವಾದರೆ ಇಬ್ಬರು ಸ್ವಯಂಸೇವಕರು ಸೇರಿ ಮಾಡುವುದು ಮಕ್ಕಳ ಸುರಕ್ಷತೆಯ ದೃಷ್ಟಿಯಿಂದಲೂ, ಹುಡುಗಿಯರ ಮನೆಯವರ ಒಪ್ಪಿಗೆಯ ದೃಷ್ಟಿಯಿಂದಲೂ ಸರಿಯಾದ ಕ್ರಮ.

ಚದುರುವಿಕೆಯ ಲಾಭಕ್ಕೆ ಇನ್ನೊಂದು ಉದಾಹರಣೆ ರಕ್ತದಾನ. ಬೇಸಿಗೆ ಬಂತೆಂದರೆ ರಕ್ತನಿಧಿಗಳಲ್ಲಿ ಕೊರತೆಯ ಸುದ್ದಿ ಪ್ರತಿವರ್ಷ ಬರುತ್ತದೆ. ಮುಖ್ಯ ಕಾರಣಗಳಲ್ಲೊಂದು ಕಾಲೇಜುಗಳ ರಜೆ. ನಮ್ಮ ರಕ್ತಸಂಗ್ರಹ ಕಾಲೇಜು ಶಿಬಿರಗಳ ಮೇಲೆ ಅಷ್ಟು ಆತುಕೊಂಡಿದೆ. ಆದರೆ ರಕ್ತವನ್ನು ಚಳಿಗಾಲದಲ್ಲಿ ಸಂಗ್ರಹಿಸಿ ಬೇಸಿಗೆಗೆ ಇಡಲಾಗುವುದಿಲ್ಲ. ಕೆಂಪು ಕಣಗಳ ಬಾಳಿಕೆ ಐದಾರು ವಾರ, ಪ್ಲೇಟ್‌ಲೆಟ್‌ಗಳದ್ದು ಐದೇ ದಿನ. ಫೆಬ್ರುವರಿಯ ಶಿಬಿರದಲ್ಲಿ ಒಂದೇ ದಿನ ನೂರಾರು ಯೂನಿಟ್ ಕೊಟ್ಟು ದಾಖಲೆ ಮಾಡಿದ ಕಾಲೇಜು ಮೇ ತಿಂಗಳ ಹೆರಿಗೆಗೋ ಅಪಘಾತಕ್ಕೋ ಒದಗುವುದಿಲ್ಲ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಅಂದರೆ ಫೆಬ್ರುವರಿ ಮೊದಲಲ್ಲಿ ಕೊಟ್ಟ ಹುಡುಗ ಮೇ ಮೊದಲ ವಾರದ ಹೊತ್ತಿಗೆ ತನ್ನ ಜಿಲ್ಲಾಸ್ಪತ್ರೆಯಲ್ಲಿ ಮತ್ತೆ ಕೊಡಬಲ್ಲ. ಘಟಕ ಮಾಡಬೇಕಾದ್ದು ಇಷ್ಟೇ: ಹದಿನೆಂಟು ತುಂಬಿದ, 45 ಕಿಲೊ ತೂಕ ದಾಟಿದ ಸದಸ್ಯರ ಪಟ್ಟಿಯನ್ನು ತರಗತಿವಾರು ಬಿಟ್ಟು ತಾಲ್ಲೂಕುವಾರು, ರಕ್ತದ ಗುಂಪಿನ ಸಮೇತ ಮಾಡಿ, ಅವರ ಒಪ್ಪಿಗೆ ಪಡೆದು, ಆಯಾ ರಕ್ತನಿಧಿಗೆ ಕೊಡುವುದು. ಎಲ್ಲರೂ ಒಂದೇ ದಿನ ಕೊಡಬೇಕೆಂಬ ಹಟ ಬಿಟ್ಟು, ವಾರಕ್ಕೆ ಒಬ್ಬಿಬ್ಬರಂತೆ ಹೋದರೆ ಆಸ್ಪತ್ರೆಗೂ ಅದೇ ಅನುಕೂಲ.

ಹಸಿರಿನ ಕೆಲಸದಲ್ಲಿ ಉತ್ಸಾಹಕ್ಕಿಂತ ಪಂಚಾಂಗ ಮುಖ್ಯ. ಏಪ್ರಿಲ್ 22ರ ಭೂಮಿ ದಿನಕ್ಕೆ ಬಯಲುಸೀಮೆಯಲ್ಲಿ ಸಸಿ ನೆಡುವುದು ಸಸಿಯ ಮೇಲೆ ಮಾಡುವ ಅನ್ಯಾಯ. ಆಗ ಮಾಡಬೇಕಾದದ್ದು ಗುಂಡಿ ತೋಡುವುದು: ಒಂದೂವರೆ ಅಡಿ ಉದ್ದ, ಅಗಲ, ಆಳ. ಬಿಸಿಲಿಗೆ ಬಿಟ್ಟು, ಮೊದಲ ಮಳೆ ಬಿದ್ದು ಮಣ್ಣು ನೆನೆದ ಮೇಲೆ ನೆಡುವುದು. ಬೀಜ ಕೂಡಿಸುವುದೂ ಬೇಸಿಗೆಯ ಕೆಲಸವೇ. ಹೊಂಗೆಯ ಕಾಯಿ ಈಗ ಸಿಗುತ್ತದೆ. ಬೇವಿನ ಬೀಜ ತಾಜಾ ಇದ್ದಾಗಷ್ಟೇ ಚೆನ್ನಾಗಿ ಮೊಳೆಯುತ್ತದೆ, ಹಲಸಿನದಂತೂ ಒಣಗಿದರೆ ಕೆಟ್ಟಿತು. ಹಕ್ಕಿಗಳಿಗೆ ನೀರಿನ ಬಟ್ಟಲು ಕಟ್ಟುವ ಕಾರ್ಯಕ್ರಮ ಈಚೆಗೆ ಬಹಳ ಜನಪ್ರಿಯ. ಕಟ್ಟಿದ ದಿನ ಫೋಟೊ ಆಗುತ್ತದೆ. ನೀರು ಬದಲಿಸುವವರಿಲ್ಲದಿದ್ದರೆ ಎಂಟು ಹತ್ತು ದಿನದಲ್ಲಿ ಅದೇ ಬಟ್ಟಲಿನಿಂದ ಸೊಳ್ಳೆಗಳು ಹಾರುತ್ತವೆ. ಹಕ್ಕಿಗಳು ಸೊಳ್ಳೆ ತಿನ್ನುತ್ತವೆ ಎಂದು ಸಮರ್ಥಿಸಿಕೊಳ್ಳುವವರೂ ಇರಬಹುದು.

ಕೆರೆಯ ವಿಷಯವೂ ಹೀಗೆಯೇ. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ನೂರು ವಿದ್ಯಾರ್ಥಿಗಳು ಪುಟ್ಟಿ ಹಿಡಿದು ಸಾಲಾಗಿ ನಿಂತು ಹೊರುವ ಹೂಳನ್ನು ಜೆಸಿಬಿ ಕಾಫಿ ಕುಡಿಯುವಷ್ಟರಲ್ಲಿ ಎತ್ತುತ್ತದೆ. ಯಂತ್ರ ಮಾಡಲಾಗದ ಕೆಲಸ ಬೇರೆಯಿದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ, ನೀರು ಬರುವ ಕಾಲುವೆಗಳನ್ನು ಮೇಲಿನಿಂದ ಕೆರೆಯವರೆಗೆ ಕಾಲ್ನಡಿಗೆಯಲ್ಲಿ ನೋಡಿಕೊಂಡು ಬರಬಹುದು. ಎಲ್ಲಿ ಉತ್ತು ಮುಚ್ಚಿದ್ದಾರೆ, ಎಲ್ಲಿ ರಸ್ತೆ ಮಾಡುವಾಗ ಮೋರಿ ಇಡಲು ಮರೆತಿದ್ದಾರೆ, ತೂಬಿನ ಗತಿಯೇನು, ಕೋಡಿಯ ಕಲ್ಲು ಎಷ್ಟು ಕಿತ್ತಿದೆ, ಏರಿಯ ಮೇಲೆ ಬಳ್ಳಾರಿ ಜಾಲಿ ಎಷ್ಟು ಹಬ್ಬಿದೆ ಎಂದು ಫೋನಿನಲ್ಲಿ ಚಿತ್ರ ತೆಗೆದು ಗುರುತು ಹಾಕಬಹುದು. ಹಳೆಯ ನೀರುಗಂಟಿಯ ಮನೆಯವರು ಇದ್ದರೆ ಅವರನ್ನು ಜೊತೆಗೆ ಕರೆದೊಯ್ಯಬೇಕು. ಆ ನಾಲ್ಕು ಪುಟದ ಟಿಪ್ಪಣಿ ಗ್ರಾಮಸಭೆಯಲ್ಲಿ ಓದಿದರೆ ಉದ್ಯೋಗಖಾತರಿ ಕೆಲಸದ ಪಟ್ಟಿಗೆ ಒಂದು ಆಧಾರವಾಗುತ್ತದೆ. ಇಬ್ಬರು ವಿದ್ಯಾರ್ಥಿಗಳು ಮೂರು ನಾಲ್ಕು ಬೆಳಗಿನಲ್ಲಿ ಮುಗಿಸಬಹುದಾದ ಕೆಲಸ ಇದು.

ರಜೆಯಲ್ಲಿ ದುಡಿಯಲೇಬೇಕಾದ ವಿದ್ಯಾರ್ಥಿಗಳ ಗತಿಯೇನು ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ. ಮುಂದಿನ ವರ್ಷದ ಫೀಸಿಗಾಗಿ ಮದುವೆ ಊಟ ಬಡಿಸಲು, ಮಾವಿನ ತೋಟಕ್ಕೆ, ಕಟ್ಟಡದ ಕೆಲಸಕ್ಕೆ, ಬೆಂಗಳೂರಿನ ಡೆಲಿವರಿ ಕೆಲಸಕ್ಕೆ ಹೋಗುವವರು ಪ್ರತಿ ಘಟಕದಲ್ಲೂ ಇರುತ್ತಾರೆ. ಅವರಿಂದ ಪುಕ್ಕಟೆ ಸೇವೆ ಕೇಳುವ ಹಕ್ಕು ಯಾರಿಗೂ ಇಲ್ಲ. ಅವರ ಹೆಸರನ್ನು ಬೇಸಿಗೆಯ ಪಟ್ಟಿಯಿಂದ ಮುಜುಗರವಾಗದಂತೆ ಬಿಡಬೇಕು, ಅದಕ್ಕಾಗಿ ಪ್ರಮಾಣಪತ್ರ ತಡೆಯಬಾರದು. ಆದರೂ ದೂರದ ಊರಿನ ಏಳು ದಿನದ ಶಿಬಿರಕ್ಕಿಂತ, ಹಗಲು ಕೂಲಿ ಮಾಡಿ ಬಂದು ಸಂಜೆ ಒಂದು ಗಂಟೆ ಸ್ವಂತ ಊರಿನಲ್ಲಿ ಕೂರುವುದು ಇಂಥವರಿಗೆ ಹೆಚ್ಚು ಎಟುಕುವ ಮಾತು. ಬಿಸಿಲಿನ ಲೆಕ್ಕವೂ ಹೀಗೆಯೇ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇ ತಿಂಗಳು ಸರ್ಕಾರಿ ಕಚೇರಿಗಳ ವೇಳೆಯೇ ಸುತ್ತೋಲೆಯ ಮೂಲಕ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಸೇವೆಯ ಹುಮ್ಮಸ್ಸಿನಲ್ಲಿ ಹನ್ನೆರಡರ ಬಿಸಿಲಿಗೆ ಜಾಥಾ ಹೊರಡಿಸುವ ಕಾರ್ಯಕ್ರಮಾಧಿಕಾರಿಗಳು ಈ ಸುತ್ತೋಲೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ಸಂಜೆ ಐದರ ಮೇಲೆ.

ಇದೆಲ್ಲ ಸರ್ಕಾರದ ಕೆಲಸ, ವಿದ್ಯಾರ್ಥಿಗಳನ್ನು ಹಾಕಿ ಮುಚ್ಚಿಬಿಟ್ಟರೆ ಖಾಲಿ ಹುದ್ದೆ ತುಂಬುವವರಾರು ಎಂಬ ವಾದವೂ ಇದೆ. ಅದರಲ್ಲಿ ಹುರುಳಿದೆ. ಶಾಲೆ ನಡೆಯುವ ದಿನಗಳಲ್ಲಿ ಶಿಕ್ಷಕರ ಜಾಗದಲ್ಲಿ ಸ್ವಯಂಸೇವಕರನ್ನು ನಿಲ್ಲಿಸಿದರೆ ಅದು ಖಂಡಿತ ತಪ್ಪು. ರಜೆಯ ಓದು ಆ ಜಾಗವನ್ನು ಆಕ್ರಮಿಸುವುದಿಲ್ಲ. ಅಷ್ಟೇ ಅಲ್ಲ, ಐದು ವಾರ ಮಕ್ಕಳ ಜೊತೆ ಕೂತವರಿಗೆ ಊರ ಶಾಲೆಯ ಕೊರತೆ ಏನೆಂಬುದು ಹೆಸರು ಹೆಸರಾಗಿ ಗೊತ್ತಿರುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಹೇಳಬಲ್ಲ ಇಪ್ಪತ್ತು ವರ್ಷದ ಧ್ವನಿ ಊರಿನಲ್ಲಿ ಇರುವುದು ಸರ್ಕಾರದ ಹೊಣೆಯನ್ನು ಕಡಿಮೆ ಮಾಡುವುದಿಲ್ಲ, ಸ್ವಲ್ಪ ಹೆಚ್ಚೇ ಮಾಡುತ್ತದೆ.

ಕೊನೆಗೆ ಉಳಿಯುವುದು ಅಧ್ಯಾಪಕರ ತಾಪತ್ರಯ: ಕಣ್ಣಿಗೆ ಕಾಣದ ಕೆಲಸಕ್ಕೆ ಹಾಜರಿ ಹಾಕುವುದು ಹೇಗೆ? ಮಾಡದೆಯೇ ಮಾಡಿದೆ ಎಂದು ಬರೆದುಕೊಂಡು ಬಂದರೆ? ಕೆಲವರು ಹಾಗೆ ಮಾಡುತ್ತಾರೆ, ಶಿಬಿರದಲ್ಲಿ ಹಾರೆ ಹಿಡಿದು ನೆರಳಿನಲ್ಲಿ ನಿಂತವರಿಗೂ ಹಾಜರಿ ಬಿದ್ದಿರುತ್ತದಲ್ಲ. ಆದರೆ ಓದಿನ ಕೆಲಸಕ್ಕೆ ಅಳತೆ ಸುಲಭ. ಮೊದಲ ದಿನ ಅರ್ಧ ಪುಟದ ಒಂದು ಕಥೆಯನ್ನು ಪ್ರತಿ ಮಗುವಿನಿಂದ ಓದಿಸಿ, ಅಕ್ಷರ, ಪದ, ವಾಕ್ಯ, ಕಥೆ ಇವುಗಳಲ್ಲಿ ಎಲ್ಲಿಗೆ ನಿಂತಿತು ಎಂದು ಬರೆಯುವುದು, ಕೊನೆಯ ದಿನ ಅದನ್ನೇ ಮತ್ತೆ ಮಾಡುವುದು. ನೋಟ್‌ಬುಕ್ಕಿನ ಎರಡು ಪುಟ ಸಾಕು, ಗ್ರಂಥಾಲಯದ ಮೇಲ್ವಿಚಾರಕರ ಸಹಿ ಇದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ, ಆರು ವಾರವೆಂದರೆ 60 ಗಂಟೆ, ವರ್ಷದ 120ರಲ್ಲಿ ಸರಿಯಾಗಿ ಅರ್ಧ. ಪದವಿ ಕಾಲೇಜುಗಳ ಸೆಮಿಸ್ಟರ್ ಲೆಕ್ಕ ವಿಶ್ವವಿದ್ಯಾಲಯಕ್ಕೊಂದು ಬಗೆಯಾಗಿರುವುದರಿಂದ ಎಲ್ಲರ ರಜೆಯೂ ಬೇಸಿಗೆಗೆ ಹೊಂದದು. ಪಿಯು ಕಾಲೇಜುಗಳ ಘಟಕಗಳಿಗೆ ಆ ತೊಡಕಿಲ್ಲ, ಅಲ್ಲಿಂದಲೇ ಶುರು ಮಾಡಬಹುದು. ಕಾರ್ಯಕ್ರಮಾಧಿಕಾರಿಯ ಪಾಲಿಗೆ ಬರುವ ಕೆಲಸ ಮೂರು: ಸದಸ್ಯರ ಪಟ್ಟಿಯನ್ನು ಊರುವಾರು ವಿಂಗಡಿಸುವುದು, ಆಯಾ ಪಂಚಾಯಿತಿಯ ಪಿಡಿಒ ಹೆಸರಿಗೆ ಕಾಲೇಜಿನ ಮೊಹರಿರುವ ಒಂದು ಪತ್ರ ಬರೆದುಕೊಡುವುದು, ವಾರಕ್ಕೊಮ್ಮೆ ಫೋನ್ ಮಾಡುವುದು. ಮೊದಲಿನ ಎರಡನ್ನು ಜನವರಿಯೊಳಗೆ ಮುಗಿಸಬೇಕು. ಹಾಲ್‌ಟಿಕೆಟ್ ಕೈಗೆ ಬಂದ ಮೇಲೆ ಯಾವ ವಿದ್ಯಾರ್ಥಿಯೂ ನೋಟಿಸ್ ಬೋರ್ಡಿನ ಕಡೆ ತಿರುಗಿ ನೋಡುವುದಿಲ್ಲ.